ಡಿಬೇಟ್ ಗೆದ್ದವರು ಯಾರು ಎಂದು ಕೇಳುವ ಮುನ್ನ: ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಇಲ್ಲಿಯ ಪೌರತ್ವ ಪಡೆದು ಮತ ಹಾಕುವವರಿಗೂ, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತು ಮತವಿಲ್ಲದಿದ್ದರೂ ಚುನಾವಣೆಯ ಹುಚ್ಚು ಬಿಡದವರಿಗೂ ಸೇರಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. 2028ರ ಅಧ್ಯಕ್ಷ ಚುನಾವಣೆಗೆ ಎರಡೂ ಪಕ್ಷಗಳು ಹೊಸದಾಗಿ ಅಭ್ಯರ್ಥಿಯನ್ನು ಆರಿಸಬೇಕು. ಹಿಂದಿನ ರೂಢಿ ನೋಡಿದರೆ ಪ್ರೈಮರಿ (ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಡಿಬೇಟುಗಳು ಚುನಾವಣೆಯ ಹಿಂದಿನ ವರ್ಷದ ಬೇಸಿಗೆಯಲ್ಲೇ ಶುರುವಾಗುತ್ತವೆ: 2015ರಲ್ಲಿ ಆಗಸ್ಟ್, 2019ರಲ್ಲಿ ಜೂನ್, 2023ರಲ್ಲಿ ಮತ್ತೆ ಆಗಸ್ಟ್. ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ವೇದಿಕೆಯ ಮೇಲಿನವರು ಸಮಾಪ್ತಿಯ ಮಾತು ಆಡಿ ಮುಗಿಸಿರುವುದಿಲ್ಲ, ಅಷ್ಟರಲ್ಲಿ ‘ಇವತ್ತು ಗೆದ್ದದ್ದು ಇವಳೇ ಬಿಡಿ’, ‘ಅವನ ಕತೆ ಮುಗೀತು’ ಎಂಬ ತೀರ್ಪುಗಳು ಬಂದು ಬಿದ್ದಿರುತ್ತವೆ. ಜೊತೆಗೆ ಅರ್ಧ ನಿಮಿಷದ ಒಂದು ಕ್ಲಿಪ್. ಬೆಳಿಗ್ಗೆ ಏಳುವ ಹೊತ್ತಿಗೆ ಅದೇ ಕ್ಲಿಪ್ ಬೆಂಗಳೂರಿನ ಚಿಕ್ಕಪ್ಪನಿಂದಲೂ ಬಂದಿರುತ್ತದೆ.

ಈ ‘ಗೆದ್ದವರು ಯಾರು’ ಎಂಬ ಒಂದೇ ಪ್ರಶ್ನೆಯ ಬಗ್ಗೆ ನನಗೆ ತಕರಾರಿದೆ. ಅದು ನಮಗೆ ಬೇಕಾದ್ದನ್ನು ಹೇಳುವುದಿಲ್ಲ. ಅಷ್ಟೇ ಅಲ್ಲ, ಕೇಳಬೇಕಾದದ್ದು ಕಿವಿಗೆ ಬೀಳದಂತೆಯೂ ಮಾಡುತ್ತದೆ.

ನಾನಿರುವುದು ಡೆಟ್ರಾಯಿಟ್‌ನ ಹೊರವಲಯದಲ್ಲಿ. ಹಾಗಾಗಿ ನಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳುತ್ತೇನೆ. 2016ರ ಮಾರ್ಚ್ 3ರಂದು ಡೆಟ್ರಾಯಿಟ್‌ನ ಫಾಕ್ಸ್ ಥಿಯೇಟರಿನಲ್ಲಿ ರಿಪಬ್ಲಿಕನ್ ಪಕ್ಷದ ಡಿಬೇಟ್ ನಡೆಯಿತು. ಡೊನಾಲ್ಡ್ ಟ್ರಂಪ್, ಟೆಡ್ ಕ್ರೂಜ್, ಮಾರ್ಕೊ ರೂಬಿಯೊ, ಜಾನ್ ಕೇಸಿಕ್ ಈ ನಾಲ್ವರೇ ಉಳಿದಿದ್ದರು. ಆ ರಾತ್ರಿಯ ಬಗ್ಗೆ ಯಾರನ್ನೇ ಕೇಳಿ, ಟ್ರಂಪ್ ತಮ್ಮ ಕೈಗಳ ಗಾತ್ರದ ಬಗ್ಗೆ ಆಡಿದ ಮಾತೊಂದೇ ನೆನಪಿರುತ್ತದೆ. ರೂಬಿಯೊ ಅದಕ್ಕೆ ಮೊದಲು ಪ್ರಚಾರಸಭೆಯಲ್ಲಿ ಅವರ ಕೈ ಚಿಕ್ಕದೆಂದು ಗೇಲಿ ಮಾಡಿದ್ದರು, ಇವರು ಕೈ ಎತ್ತಿ ತೋರಿಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಧ್ಯಕ್ಷಗಿರಿಯ ವೇದಿಕೆಯಲ್ಲಿ ಇಂಥ ಮಾತೇ ಎಂದು ಕೆಲವರು ಮೂಗು ಮುರಿದರು, ಹೆಚ್ಚಿನವರು ನಕ್ಕರು, ಎಲ್ಲರೂ ಫಾರ್ವರ್ಡ್ ಮಾಡಿದರು.

ಆದರೆ ಅದೇ ರಾತ್ರಿ ಅದೇ ವೇದಿಕೆಯಲ್ಲಿ ನಿರೂಪಕಿ ಮೆಗಿನ್ ಕೆಲ್ಲಿ ಟ್ರಂಪ್‌ಗೆ ಎಚ್-1ಬಿ ವೀಸಾ (ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ವೀಸಾ) ಬಗ್ಗೆ ಪ್ರಶ್ನೆ ಕೇಳಿದ್ದರು. ನಿಮ್ಮ ಪ್ರಚಾರದ ಜಾಲತಾಣದಲ್ಲಿ ಒಂದು ಬರೆದಿದೆ, ನೀವು ಬಾಯಲ್ಲಿ ಇನ್ನೊಂದು ಹೇಳುತ್ತೀರಿ, ಯಾವುದು ನಿಜ ಎಂಬ ಧಾಟಿಯ ಪ್ರಶ್ನೆ. ನಾನು ನಿಲುವು ಬದಲಿಸುತ್ತಿದ್ದೇನೆ, ಈ ದೇಶಕ್ಕೆ ನುರಿತವರು ಬೇಕು ಎಂದು ಟ್ರಂಪ್ ವೇದಿಕೆಯ ಮೇಲೆಯೇ ಒಪ್ಪಿಕೊಂಡರು. ಡಿಬೇಟ್ ಮುಗಿದ ಮೇಲೆ, ಅದೇ ರಾತ್ರಿ, ಅವರ ಹೆಸರಿನಲ್ಲಿ ಬೇರೊಂದು ಹೇಳಿಕೆ ಬಂತು. ಎಚ್-1ಬಿ ಎಂದರೆ ಕಡಿಮೆ ಸಂಬಳಕ್ಕೆ ಹೊರಗಿನವರನ್ನು ತಂದು ಅಮೆರಿಕದ ಕೆಲಸಗಾರರ ಜಾಗದಲ್ಲಿ ಕೂರಿಸುವ ವ್ಯವಸ್ಥೆ, ಅದನ್ನು ನಿಲ್ಲಿಸುತ್ತೇನೆ ಎಂಬ ಅರ್ಥದ್ದು. ವೇದಿಕೆಯ ಮೇಲೆ ಒಂದು, ಕೆಳಗಿಳಿದ ಮೇಲೆ ಅದಕ್ಕೆ ತದ್ವಿರುದ್ಧ.

ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕಾರು ಕಂಪನಿಗಳಿಗೂ ಸಾಫ್ಟ್‌ವೇರಿಗೂ ಬಂದು ನೆಲೆಸಿದ ನಮ್ಮ ಜನಕ್ಕೆ ಆ ರಾತ್ರಿ ಆಡಿದ ಮಾತುಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಮಾತು ನಡೆದದ್ದು ಕೈಯ ಬಗ್ಗೆ. ‘ಪ್ರಬುದ್ಧವಾಗಿ ಮಾತಾಡಿದವರು ಕೇಸಿಕ್ ಒಬ್ಬರೇ’ ಎಂಬ ಅಭಿಪ್ರಾಯವೂ ಸಾಕಷ್ಟು ಕೇಳಿಬಂತು. ಐದು ದಿನ ಬಿಟ್ಟು ಮಿಷಿಗನ್ ಪ್ರೈಮರಿ ನಡೆದಾಗ ಟ್ರಂಪ್ ಸಲೀಸಾಗಿ ಗೆದ್ದರು, ಪ್ರಬುದ್ಧ ಕೇಸಿಕ್ ಮೂರನೆಯವರಾದರು. ಮರುವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷರಾದ ಟ್ರಂಪ್ ಅವರಿಂದ ‘ಬೈ ಅಮೆರಿಕನ್, ಹೈರ್ ಅಮೆರಿಕನ್’ ಆದೇಶ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ಆಗ ನಮ್ಮ ಗುಂಪುಗಳಲ್ಲಿ ‘ಇದೇನು, ದಿಢೀರನೆ ಹೀಗೆ!’ ಎಂಬ ಉದ್ಗಾರಗಳು. ದಿಢೀರ್ ಏನು ಬಂತು? ಸುಳಿವು ಡೆಟ್ರಾಯಿಟ್‌ನ ಆ ರಾತ್ರಿಯೇ ಸಿಕ್ಕಿತ್ತು.

ಇನ್ನು, ಡಿಬೇಟ್ ‘ಗೆದ್ದವರಿಗೆ’ ಮುಂದೆ ಏನಾಯಿತು ಎಂದೂ ಸ್ವಲ್ಪ ನೋಡೋಣ. 2016ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಗೆ ಮೂರು ದಿನ ಮೊದಲು ಇನ್ನೊಬ್ಬ ಅಭ್ಯರ್ಥಿ ಕ್ರಿಸ್ ಕ್ರಿಸ್ಟಿ ರೂಬಿಯೊ ಅವರನ್ನು ವೇದಿಕೆಯಲ್ಲೇ ಹಿಡಿದು ಹಾಕಿದರು. ಬಾಯಿಪಾಠ ಮಾಡಿದ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ ಎಂದು ಅವರು ಹೇಳಿದ್ದೇ ತಡ, ರೂಬಿಯೊ ಅದೇ ಮಾತನ್ನು ಇನ್ನೊಮ್ಮೆ ಹೇಳಿಬಿಟ್ಟರು. ಎಲ್ಲರೂ ಕ್ರಿಸ್ಟಿಗೆ ಶಹಬಾಸ್ ಎಂದರು. ಎಣಿಕೆಯಲ್ಲಿ ರೂಬಿಯೊ ಐದನೆಯವರು, ಕ್ರಿಸ್ಟಿ ಆರನೆಯವರು. ಮರುದಿನವೇ ಕ್ರಿಸ್ಟಿ ಕಣದಿಂದ ಹೊರನಡೆದರು.

2020ರ ಫೆಬ್ರವರಿ 19ರಂದು ಲಾಸ್ ವೇಗಸ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಡಿಬೇಟ್ ಅಂತೂ ನಿಮಗೆಲ್ಲ ನೆನಪಿರಲೇಬೇಕು. ಎಲಿಜಬೆತ್ ವಾರನ್ ಮೊದಲ ಕೆಲವು ನಿಮಿಷಗಳಲ್ಲೇ ಕೋಟ್ಯಧೀಶ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಅವರ ಬೆವರಿಳಿಸಿದರು. ಹೆಂಗಸರ ಬಗ್ಗೆ ಅವರು ಹಿಂದೆ ಆಡಿದ್ದರೆಂದು ವರದಿಯಾದ ಮಾತುಗಳನ್ನು ಎತ್ತಿದರು, ಕಂಪನಿಯಲ್ಲಿ ಹೆಂಗಸರಿಂದ ಸಹಿ ಹಾಕಿಸಿಕೊಂಡ ಗೋಪ್ಯತೆಯ ಒಪ್ಪಂದಗಳಿಂದ ಅವರನ್ನು ಬಿಡುಗಡೆ ಮಾಡುತ್ತೀರಾ ಎಂದು ಬಿಡದೆ ಕೇಳಿದರು. ಸುಮಾರು 2 ಕೋಟಿ ಜನ ನೋಡಿದ ಡಿಬೇಟ್ ಅದು. ವಾರನ್ ಗೆದ್ದರು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ನೆವಾಡದಲ್ಲಿ ಕಾಕಸ್‌ಗೆ (ಮತದಾರರು ಸಭೆ ಸೇರಿ ಅಭ್ಯರ್ಥಿ ಆರಿಸುವ ಪದ್ಧತಿ) ಮುಂಗಡ ಮತದಾನ ಹಿಂದಿನ ದಿನವೇ ಮುಗಿದಿತ್ತು. ಆ ರಾಜ್ಯದಲ್ಲಿ ಪಾಲ್ಗೊಂಡ ಒಂದು ಲಕ್ಷ ಚಿಲ್ಲರೆ ಜನರಲ್ಲಿ ಸುಮಾರು 75 ಸಾವಿರ ಮಂದಿ ಅಷ್ಟರಲ್ಲಿ ಮತ ಹಾಕಿ ಮನೆಗೆ ಹೋಗಿದ್ದರು! ವಾರನ್‌ಗೆ ಅಲ್ಲಿ ನಾಲ್ಕನೇ ಸ್ಥಾನ. ಎರಡು ವಾರದೊಳಗೆ ತಮ್ಮದೇ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಮೂರನೇ ಸ್ಥಾನ. ಬ್ಲೂಮ್‌ಬರ್ಗ್ ಅಷ್ಟೊಂದು ಕೋಟಿ ಸುರಿದು ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪಸಮೂಹವೊಂದನ್ನೇ. ಬಿದ್ದವರು ಬಿದ್ದರು, ಬೀಳಿಸಿದವರೂ ಏಳಲಿಲ್ಲ. ಆ ಡಿಬೇಟುಗಳಲ್ಲಿ ಯಾವಾಗಲೂ ತಡವರಿಸುತ್ತಿದ್ದರು, ಮಂಕಾಗಿದ್ದರು ಎನಿಸಿಕೊಂಡ ಜೋ ಬೈಡನ್ ಅಭ್ಯರ್ಥಿಯಾದರು.

ಡಿಬೇಟಿನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2012ರ ಜನವರಿಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಲು ನಿಂತಿದ್ದ ನ್ಯೂಟ್ ಗಿಂಗ್ರಿಚ್ ತಮ್ಮ ಖಾಸಗಿ ಬದುಕಿನ ಪ್ರಶ್ನೆ ಎತ್ತಿದ ನಿರೂಪಕನ ಮೇಲೆಯೇ ಹರಿಹಾಯ್ದು, ಎರಡೇ ದಿನದಲ್ಲಿ ಸೌತ್ ಕ್ಯಾರೊಲೈನಾ ಗೆದ್ದುಕೊಂಡರು. 2020ರಲ್ಲಿ ಡೆಮಾಕ್ರಟಿಕ್ ಕಣದಲ್ಲಿದ್ದ ಏಮಿ ಕ್ಲೋಬಚಾರ್ ಒಂದು ಒಳ್ಳೆಯ ರಾತ್ರಿಯ ಬಲದಿಂದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮೂರನೇ ಸ್ಥಾನಕ್ಕೆ ಜಿಗಿದರು. ಆದರೆ ಗಮನಿಸಿ, ಚಿಕ್ಕ ರಾಜ್ಯ, ಮತದಾನಕ್ಕೆ ಕೆಲವೇ ದಿನ ಇರುವಾಗ, ಇನ್ನೂ ಮನಸ್ಸು ಮಾಡದ ಮತದಾರರ ನಡುವೆ ನಡೆಯುವ ಮಾತಿದು. ಗಿಂಗ್ರಿಚ್ ಆ ತಿಂಗಳ ಕೊನೆಗೆ ಫ್ಲಾರಿಡಾದಲ್ಲಿ ಮಿಟ್ ರಾಮ್ನಿ ಎದುರು ಸೋತು ಸುಣ್ಣವಾದರು.

ನಾನು ಕರಾವಳಿಯವನು, ತಾಳಮದ್ದಳೆ ಕೇಳಿ ಬೆಳೆದವನು. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ಹೇಳುವವರು ಗಟ್ಟಿಗರಾದರೆ ಕೃಷ್ಣನ ಪಾತ್ರಧಾರಿಯೇ ಒಂದು ಗಳಿಗೆ ತಬ್ಬಿಬ್ಬಾಗುವುದುಂಟು. ಸಭೆ ತಲೆದೂಗುತ್ತದೆ, ಮರುದಿನ ಪೇಟೆಯಲ್ಲಿ ಅದೇ ಮಾತು. ಆದರೆ ‘ಹಾಗಾದರೆ ಐದು ಊರನ್ನೂ ಕೊಡದ ಕೌರವನದೇ ಸರಿ’ ಎಂದು ಯಾವ ಕೇಳುಗನೂ ಹೇಳುವುದಿಲ್ಲ. ಮಾತಿನ ಚಂದಕ್ಕೆ ಚಪ್ಪಾಳೆ ಬೇರೆ, ರಾಜ್ಯ ಯಾರ ಕೈಗೆ ಹೋಗಬೇಕು ಎಂಬುದು ಬೇರೆ ಎಂದು ಅಡಿಕೆ ಸುಲಿಯುತ್ತ ಕೂತು ಕೇಳುವ ಅಜ್ಜನಿಗೂ ಗೊತ್ತು. ಅಂಥ ಕಿವಿಯ ನಾವು ಇಲ್ಲಿಗೆ ಬಂದ ಮೇಲೆ ಅದನ್ನು ಎಲ್ಲಿ ಕಳೆದುಕೊಂಡೆವು?

ನಮ್ಮದೇ ಎನ್ನಿಸುವವರು ವೇದಿಕೆ ಹತ್ತಿದಾಗಲಂತೂ ನಮ್ಮ ತೀರ್ಪು ಇನ್ನೂ ವಿಚಿತ್ರ. 2023ರ ಆಗಸ್ಟ್ 23ರಂದು ಮಿಲ್ವಾಕಿಯಲ್ಲಿ ಎಂಟು ಮಂದಿ ರಿಪಬ್ಲಿಕನ್ನರು ನಿಂತರು, ಅದರಲ್ಲಿ ವಿವೇಕ್ ರಾಮಸ್ವಾಮಿ, ನಿಕ್ಕಿ ಹೇಲಿ ಇಬ್ಬರು ಭಾರತದ ಮೂಲದವರು. ಗೆಳೆಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಚುರುಮುರಿ ತಿನ್ನುತ್ತ ನಾವೊಂದಷ್ಟು ಜನ ನೋಡಿದೆವು. ವಿವೇಕ್ ರಾಮಸ್ವಾಮಿ ಬಾಯಿ ತೆರೆದಾಗೆಲ್ಲ ‘ಏನ್ ಮಾತಾಡ್ತಾನಪ್ಪ ಹುಡುಗ!’ ಎಂಬ ಮೆಚ್ಚುಗೆ. ಅವರ ತಾಯಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು ಎಂದು ಒಬ್ಬರು ಹೇಳಿದ್ದೇ ಸೈ, ಪಾಲಕ್ಕಾಡಿನ ತಮಿಳು ಕುಟುಂಬದ ಹುಡುಗ ಅರೆಕ್ಷಣದಲ್ಲಿ ಮೈಸೂರಿನವನಾಗಿಬಿಟ್ಟ. ನಿಕ್ಕಿ ಹೇಲಿ ‘ನಿಮಗೆ ವಿದೇಶಾಂಗ ವ್ಯವಹಾರದ ಅನುಭವವಿಲ್ಲ, ಅದು ಎದ್ದು ಕಾಣುತ್ತಿದೆ’ ಎಂದು ಕುಟುಕಿದಾಗ ಬೇಸ್‌ಮೆಂಟ್ ಎರಡು ಬಣವಾಯಿತು. ಯುಕ್ರೇನಿಗೆ ನೆರವು ಕೊಡಬೇಕೇ ಬೇಡವೇ ಎಂಬುದೇ ಅವರಿಬ್ಬರ ಜಗಳದ ತಿರುಳು. ಅದರ ಬಗ್ಗೆ ಮಾತ್ರ ನಮ್ಮ ಎರಡು ಬಣದಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ.

ಟ್ರಂಪ್‌ಗೆ ನ್ಯಾಯಾಲಯದಲ್ಲಿ ಶಿಕ್ಷೆಯಾದರೂ ಅವರೇ ಅಭ್ಯರ್ಥಿಯಾದರೆ ಬೆಂಬಲಿಸುವವರು ಕೈ ಎತ್ತಿ ಎಂದು ನಿರೂಪಕರು ಕೇಳಿದ ಗಳಿಗೆ ನನಗೆ ಎದ್ದು ಕಂಡಿತು. ರಾಮಸ್ವಾಮಿಯವರ ಕೈ ಸರ್ರನೆ ಮೇಲೆ ಹೋಯಿತು. ರಾನ್ ಡಿಸಾಂಟಿಸ್ ಅತ್ತಿತ್ತ ನೋಡಿ, ಉಳಿದವರ ಕೈ ಎಲ್ಲಿದೆ ಎಂದು ಗಮನಿಸಿ ಆಮೇಲೆ ತಮ್ಮದನ್ನು ಎತ್ತಿದರು. ಒಂದು ಮಾತೂ ಆಡದೆ ಅಭ್ಯರ್ಥಿಯೊಬ್ಬರು ತಮ್ಮನ್ನು ಬಿಚ್ಚಿಟ್ಟುಕೊಂಡ ಗಳಿಗೆ ಅದು. ಆದರೂ ಡಿಬೇಟ್ ನೋಡಿದ ರಿಪಬ್ಲಿಕನ್ ಮತದಾರರ ನಡುವೆ ಇಪ್ಸಾಸ್ ಸಂಸ್ಥೆ ಸಮೀಕ್ಷೆ ನಡೆಸಿದಾಗ ಚೆನ್ನಾಗಿ ಮಾಡಿದವರಲ್ಲಿ ಡಿಸಾಂಟಿಸ್‌ಗೆ ಶೇ. 29, ರಾಮಸ್ವಾಮಿಗೆ ಶೇ. 26, ಹೇಲಿಗೆ ಶೇ. 15 ಸಿಕ್ಕಿತು. ಅಯೋವಾದಲ್ಲಿ ನಿಜವಾದ ಮತ ಬಿದ್ದಾಗ, 2024ರ ಜನವರಿ 15ರಂದು, ಒಂದೇ ಒಂದು ಡಿಬೇಟಿಗೂ ಬಾರದ ಟ್ರಂಪ್‌ಗೆ ಶೇ. 51. ‘ಏನ್ ಮಾತಾಡ್ತಾನಪ್ಪ’ ಹುಡುಗನಿಗೆ ಶೇ. 8ಕ್ಕೂ ಕಡಿಮೆ. ಅದೇ ರಾತ್ರಿ ಅವರು ಹಿಂದೆ ಸರಿದರು.

ಇದಕ್ಕೆ ತದ್ವಿರುದ್ಧ ಶ್ರೀ ಥಾನೇದಾರ್ ಅವರದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗ್ರೆಚೆನ್ ವಿಟ್ಮರ್, ಅಬ್ದುಲ್ ಎಲ್-ಸಯೆದ್ ಎದುರು ನಿಂತಿದ್ದರು. ಆಗ ನಮ್ಮವರ ಟೀಕೆ ಏನಿತ್ತು ಗೊತ್ತೇ? ಅವರ ಇಂಗ್ಲಿಷ್ ಉಚ್ಚಾರಣೆ! ಸ್ವಂತ ದುಡ್ಡು ಕೋಟಿಗಟ್ಟಲೆ ಸುರಿಯುತ್ತಿರುವುದು ಸರಿಯೇ, ಅವರ ಆರೋಗ್ಯವಿಮೆಯ ಯೋಜನೆ ಉಳಿದವರದಕ್ಕಿಂತ ಹೇಗೆ ಬೇರೆ ಎಂದು ಕೇಳಬಹುದಿತ್ತು. ಅದು ಬಿಟ್ಟು, ನಮ್ಮಂತೆಯೇ ಮಾತಾಡುವ ಮನುಷ್ಯ ವೇದಿಕೆಯಲ್ಲಿ ನಿಂತದ್ದಕ್ಕೆ ನಾವೇ ನಾಚಿಕೊಂಡೆವು. ಅವರು ಮೂರನೆಯವರಾದರು ನಿಜ. ಆದರೆ 2022ರಲ್ಲಿ ಡೆಟ್ರಾಯಿಟ್ ಮತದಾರರು ಅದೇ ಉಚ್ಚಾರಣೆಯನ್ನು ಸಂಸತ್ತಿಗೆ ಕಳಿಸಿದರು. (ಅವರ ರಾಜಕೀಯದ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ಪತ್ರ.)

ಕಮಲಾ ಹ್ಯಾರಿಸ್ ಬಗ್ಗೆ ಎಲ್ಲರೂ ಬರೆದಾಗಿದೆ, ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2019ರ ಜೂನ್ 27ರಂದು ಮಯಾಮಿಯಲ್ಲಿ, ಕಪ್ಪು-ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಓದಲೆಂದು ಓಡಿಸುತ್ತಿದ್ದ ಶಾಲಾಬಸ್ಸಿನ ವಿಷಯ ಎತ್ತಿ, ಅದರಲ್ಲಿ ಹೋಗುತ್ತಿದ್ದ ಆ ಪುಟ್ಟ ಹುಡುಗಿ ನಾನೇ ಎಂದು ಬೈಡನ್ ಅವರನ್ನು ತಬ್ಬಿಬ್ಬು ಮಾಡಿದರಲ್ಲ, ಗಂಟೆಗಳೊಳಗೆ ಆ ಮಾತು ಅಚ್ಚಾದ ಟೀಶರ್ಟು ಅವರ ಪ್ರಚಾರದ ಜಾಲತಾಣದಲ್ಲಿ ಮಾರಾಟಕ್ಕಿತ್ತು. ಅಂದರೆ ನಾವು ಯಾವ ಅರ್ಧ ನಿಮಿಷವನ್ನು ಫಾರ್ವರ್ಡ್ ಮಾಡುತ್ತೇವೆ ಎಂದು ಅಲ್ಲಿ ಮೊದಲೇ ಲೆಕ್ಕ ಹಾಕಿದ್ದರು. ಅಭ್ಯರ್ಥಿಗಳು ಈಗ ಎದುರಿಗೆ ನಿಂತವರಿಗೆ ಉತ್ತರ ಕೊಡುವುದಿಲ್ಲ, ನಮ್ಮ ಫೋನಿಗೆ ಉತ್ತರ ಕೊಡುತ್ತಾರೆ. ಸಮೀಕ್ಷೆಗಳಲ್ಲಿ ಮೇಲೇರಿದ ಹ್ಯಾರಿಸ್ ಅಷ್ಟೇ ಬೇಗ ಇಳಿದು, ಮೊದಲ ಮತ ಬೀಳುವ ಮೊದಲೇ ಡಿಸೆಂಬರ್‌ನಲ್ಲಿ ಹಿಂದೆ ಸರಿದರು.

ವೇದಿಕೆ ಹತ್ತುವ ನಿಯಮಗಳೂ ಇದೇ ಆಟಕ್ಕೆ ತಕ್ಕಂತಿವೆ. 2019ರಲ್ಲಿ ಡೆಮಾಕ್ರಟರು 65 ಸಾವಿರ ದಾನಿಗಳನ್ನೋ ಸಮೀಕ್ಷೆಯಲ್ಲಿ ಶೇ. 1ನ್ನೋ ಕೇಳಿದರು, ಎರಡು ರಾತ್ರಿಗೆ ಇಪ್ಪತ್ತು ಮಂದಿ ಬಂದರು. 2023ರಲ್ಲಿ ರಿಪಬ್ಲಿಕನ್ನರು 40 ಸಾವಿರ ದಾನಿಗಳನ್ನು ಕೇಳಿದಾಗ ಅಭ್ಯರ್ಥಿ ಡಗ್ ಬರ್ಗಮ್ ಏನು ಮಾಡಿದರು ಗೊತ್ತಲ್ಲ? ಒಂದು ಡಾಲರ್ ಕೊಟ್ಟವರಿಗೆ ಇಪ್ಪತ್ತು ಡಾಲರಿನ ಗಿಫ್ಟ್ ಕಾರ್ಡ್! ಅವರೂ ವೇದಿಕೆ ಹತ್ತಿದರು.

ಹಾಗಾದರೆ ಈ ಡಿಬೇಟುಗಳೇ ಬೇಡ ಎನ್ನೋಣವೇ? ಖಂಡಿತ ಬೇಡ. 2024ರಲ್ಲಿ ಏನಾಯಿತು ನೋಡಿ. ಟ್ರಂಪ್ ತಮ್ಮ ಪಕ್ಷದ ಡಿಬೇಟಿಗೆ ಬರಲಿಲ್ಲ. ಡೆಮಾಕ್ರಟಿಕ್ ಪಕ್ಷ ಡಿಬೇಟ್ ನಡೆಸಲೇ ಇಲ್ಲ, ಡೀನ್ ಫಿಲಿಪ್ಸ್, ಮೇರಿಯನ್ ವಿಲಿಯಮ್ಸನ್ ಕಣದಲ್ಲಿದ್ದರೂ ಬೈಡನ್ ಅವರ ಎದುರು ನಿಂತು ಪ್ರಶ್ನಿಸುವ ಅವಕಾಶ ಸಿಗಲಿಲ್ಲ. ಬೈಡನ್ ಆ ಚುನಾವಣೆಯಲ್ಲಿ ಮೊದಲ ಸಲ ಎದುರಾಳಿಯ ಮುಂದೆ ನಿಂತದ್ದು ಜೂನ್ 27ರಂದು, ಅಟ್ಲಾಂಟದಲ್ಲಿ. ಅಷ್ಟರಲ್ಲಿ ಪ್ರೈಮರಿಗಳೆಲ್ಲ ಮುಗಿದಿದ್ದವು. ಅಲ್ಲಿ ಅವರು ತೀರಾ ತಡವರಿಸಿದ್ದರಿಂದ ಜುಲೈ 21ಕ್ಕೆ ಹಿಂದೆ ಸರಿದರು, ಹ್ಯಾರಿಸ್ ಒಂದೇ ಒಂದು ಪ್ರೈಮರಿ ಡಿಬೇಟ್ ಇಲ್ಲದೆ ಅಭ್ಯರ್ಥಿಯಾದರು. ಎರಡೂ ಪಕ್ಷದ ಅಭ್ಯರ್ಥಿಗಳು ಆ ಸಲ ತಮ್ಮವರ ಪ್ರಶ್ನೆ ಎದುರಿಸದೆಯೇ ಬಂದವರು. ಮಿಷಿಗನ್‌ನಲ್ಲಿ ಆ ಫೆಬ್ರವರಿ ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟರು ‘ಅನ್‌ಕಮಿಟೆಡ್’ (ಯಾರಿಗೂ ಬದ್ಧರಲ್ಲ) ಎಂಬ ಚೌಕಕ್ಕೆ ಗುರುತು ಹಾಕಿ ಬಂದರು. ಗಾಜಾ ವಿಷಯದಲ್ಲಿ ಪ್ರಶ್ನೆ ಕೇಳಲು ಅವರಿಗೆ ಸಿಕ್ಕ ಜಾಗ ಅದೊಂದೇ. ಕೆಟ್ಟ ಡಿಬೇಟಾದರೂ ಇರಲಿ ಎಂದು ನಾನು ಹೇಳುವುದು ಇದಕ್ಕೇ.

ಬದಲಾಗಬೇಕಾದ್ದು ನಾವು ನೋಡುವ ರೀತಿ. ನನ್ನ ಕೋರಿಕೆಗಳು ದೊಡ್ಡವಲ್ಲ. ಒಟ್ಟಿಗೆ ಕೂತು ನೋಡುವವರು ಕೊನೆಯ ಮಾತು ಮುಗಿಯುವ ತನಕ ಫೋನನ್ನು ಪಕ್ಕಕ್ಕಿಡಿ. ಆಮೇಲೆ ‘ಗೆದ್ದವರು ಯಾರು’ ಎನ್ನುವ ಬದಲು ‘ಯಾರು ಯಾವ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರು’ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿ. ಹಾಗೆ ಕೇಳಿದರೆ ಗುಂಪಿನಲ್ಲಿ ಎಂದೂ ಬಾಯಿ ಬಿಡದವರೂ ಮಾತಾಡುತ್ತಾರೆ, ಏಕೆಂದರೆ ಅದಕ್ಕೆ ಯಾವ ಪಕ್ಷದವರು ಎಂದು ತೋರಿಸಿಕೊಳ್ಳಬೇಕಿಲ್ಲ. ಮಾರನೆಯ ದಿನ ಪತ್ರಿಕೆಗಳು ಪೂರ್ತಿ ಸಂಭಾಷಣೆಯನ್ನು ಅಚ್ಚಿಸುತ್ತವೆ, ನಿಮಗೆ ಸಂಬಂಧಪಟ್ಟ ಒಂದು ವಿಷಯವನ್ನಾದರೂ ಅದರಲ್ಲಿ ಹುಡುಕಿ ಓದಿ. ರಾತ್ರಿ ವೇದಿಕೆ ಇಳಿದ ಮೇಲೆ ಪ್ರಚಾರ ಕಚೇರಿಯಿಂದ ಬೇರೆ ಹೇಳಿಕೆ ಬಂದಿದೆಯೇ ಎಂದೂ ನೋಡಿ. ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಕುಟುಕು ಮಾತಿನ ಹಿಂದಿನ ಪ್ರಶ್ನೆಯೂ ಮುಂದಿನ ಉತ್ತರವೂ ಇರುವ ಕ್ಲಿಪ್ ಕಳಿಸಿ, ಎರಡು ನಿಮಿಷವಾದರೂ ಅಡ್ಡಿಯಿಲ್ಲ.

ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಇನ್ನೊಂದು ಮಾತು. ಅಧ್ಯಕ್ಷಗಿರಿಯ ಡಿಬೇಟಿನಲ್ಲಿ ನಮ್ಮ ಅಭಿಪ್ರಾಯ ಸಮುದ್ರದಲ್ಲಿ ಹನಿ. ಆದರೆ ರಾಜ್ಯದ ಶಾಸಕ ಸ್ಥಾನಕ್ಕೆ, ಸಂಸತ್ ಸ್ಥಾನಕ್ಕೆ ನಮ್ಮ ಮಿಷಿಗನ್‌ನಲ್ಲಿ ಆಗಸ್ಟ್ ತಿಂಗಳು ನಡೆಯುವಂಥ ಪ್ರೈಮರಿಗಳಲ್ಲಿ ಕೆಲವು ನೂರು ಮತಕ್ಕೂ ಬೆಲೆಯಿದೆ, ಅಭ್ಯರ್ಥಿಗಳು ಕರೆದರೆ ಬರುತ್ತಾರೆ. ಲಾಭರಹಿತ ಸಂಸ್ಥೆ ರಾಜಕೀಯಕ್ಕೆ ಕೈ ಹಾಕಬಾರದು ಎಂದು ನಮ್ಮಲ್ಲಿ ಹಲವರು ಹೆದರುತ್ತಾರೆ. ಯಾರದೇ ಪರ ಪ್ರಚಾರ ಮಾಡುವಂತಿಲ್ಲ ಎಂಬುದು ನಿಜ, ಆದರೆ ಒಂದು ಸ್ಥಾನಕ್ಕೆ ನಿಂತ ಎಲ್ಲರನ್ನೂ ಸಮನಾಗಿ ಕರೆದು, ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಸಮಯ ಕೊಟ್ಟು ಕೇಳಿಸಲು ಕಾನೂನಿನ ಅಡ್ಡಿಯಿಲ್ಲ. ಯಾವ ಪಕ್ಷಕ್ಕೂ ಸೇರದ ಮತದಾರರ ಸಂಘಟನೆ ಲೀಗ್ ಆಫ್ ವುಮೆನ್ ವೋಟರ್ಸ್ ದಶಕಗಳಿಂದ ಇಂಥ ಸಭೆಗಳನ್ನು ಗ್ರಂಥಾಲಯಗಳಲ್ಲೂ ಊರಿನ ಸಭಾಂಗಣಗಳಲ್ಲೂ ನಡೆಸುತ್ತಿದೆ, ನಿರೂಪಣೆಗೆ ಅವರನ್ನೇ ಕೇಳಬಹುದು.

ಯುಗಾದಿ, ರಾಜ್ಯೋತ್ಸವದ ಹಾಲ್ ಬಾಡಿಗೆ ಹಿಡಿಯುವಾಗ ಜುಲೈನಲ್ಲೂ ಒಂದು ಭಾನುವಾರ ಮಧ್ಯಾಹ್ನ ಕಾದಿರಿಸಿ. ಕುರ್ಚಿ ಹಾಕಲು ನಾನು ಬರುತ್ತೇನೆ. ಇಂಗ್ಲಿಷಿನಲ್ಲಿ ಎದ್ದು ನಿಂತು ಕೇಳಲು ಹಿಂಜರಿಯುವ ಹಿರಿಯರು ತಮ್ಮ ಪ್ರಶ್ನೆಯನ್ನು ಕನ್ನಡದಲ್ಲೇ ಚೀಟಿಯಲ್ಲಿ ಬರೆದುಕೊಡಲಿ. ಅದನ್ನು ಓದಿ ಹೇಳಬಲ್ಲ ಇಲ್ಲೇ ಹುಟ್ಟಿದ ಮಕ್ಕಳು ನಮ್ಮ ಕನ್ನಡ ತರಗತಿಗಳಲ್ಲಿ ಬೇಕಾದಷ್ಟಿದ್ದಾರೆ.

ಇಂತಿ ನಿಮ್ಮವನೇ,
ಮಿಷಿಗನ್‌ನ ಒಬ್ಬ ಕನ್ನಡಿಗ ಮತದಾರ